ಬೂಟು ಬಿಚ್ಚದ ಕಪ್ತಾನ

ದೋಲಾನೆಯಲ್ಲಿ ತಾದಿಯಾ ಮಾರಾಸನ ಹೆಸರೆತ್ತಿದರೆ ಮುದುಕಿಯರು ಇವತ್ತಿಗೂ ನೆಲಕ್ಕೆ ಉಗುಳುತ್ತಾರೆ, ಅದೂ ಅವನೇ ಹಾಕಿಸಿದ ರಸ್ತೆಯ ಮೇಲೆ ನಿಂತುಕೊಂಡು. ಉಗುಳಲಿ, ಅದಕ್ಕೆ ಕಾರಣವಿದೆ. ಆದರೆ ಉಗುಳುವವರಲ್ಲಿ ಅರ್ಧ ಜನಕ್ಕೆ ಅವನು ಮಾಡಿದ್ದೇನು ಎಂಬುದು ಪೂರ್ತಿ ಗೊತ್ತಿಲ್ಲ. ಗೊತ್ತಿರುವ ಉಳಿದರ್ಧ ಜನ ತಮಗೆ ಬೇಕಾದಷ್ಟನ್ನೇ ಹೇಳಿ ಬಾಯಿ ಮುಚ್ಚಿಕೊಳ್ಳುತ್ತಾರೆ.

ಅವನೇನೂ ಪರದೇಶಿಯಲ್ಲ. ಇದೇ ಊರಿನ ಗಡಿ ಸಿಪಾಯಿ ಮಾತೆ ಮಾರಾಸನ ಕಿರಿಯ ಮಗ. ಆ ಕಾಲದಲ್ಲಿ ವೆಲೆಬಿತ್ ಬೆಟ್ಟದ ಈಚೆಗಿನ ಸೀಮೆಯೆಲ್ಲ ವಿಯೆನ್ನಾದ ಚಕ್ರವರ್ತಿಯ ದಂಡಿನ ಕೈಯಲ್ಲಿತ್ತು. ಗಂಡಾಗಿ ಹುಟ್ಟಿದವನು ಸಾಯುವ ತನಕ ಸಿಪಾಯಿ. ನೇಗಿಲು ಹಿಡಿದಾಗಲೂ ಸಿಪಾಯಿ. ದಂಡಿನ ಶಾಲೆಯಲ್ಲಿ ತಾದಿಯಾ ಲೆಕ್ಕದಲ್ಲಿ ಎತ್ತಿದ ಕೈ. ಅದನ್ನು ನೋಡಿದ ಅಧಿಕಾರಿಯೊಬ್ಬ ಅವನನ್ನು ಹನ್ನೆರಡನೆಯ ವಯಸ್ಸಿಗೆ, ದಂಡಿನ ಎಂಜಿನಿಯರನ ವಿದ್ಯೆ ಕಲಿಯಲು, ವಿಯೆನ್ನಾಗೆ ಕಳಿಸಿದ. ಹೊರಡುವ ದಿನ ಅಣ್ಣ ಯಾಂದ್ರೆ ತನ್ನ ಹೊಸ ತೊಗಲಿನ ಮೆಟ್ಟುಗಳನ್ನು ಬಿಚ್ಚಿ ತಮ್ಮನಿಗೆ ತೊಡಿಸಿ, ತಾನು ಬರಿಗಾಲಲ್ಲಿ ಮನೆಗೆ ಹಿಂದಿರುಗಿದ. ಇದನ್ನು ಇಬ್ಬರೂ ಮರೆಯಲಿಲ್ಲ. ಮರೆತಿದ್ದರೆ ಇಬ್ಬರಿಗೂ ಸುಖವಾಗುತ್ತಿತ್ತು.

ಹೋಗುವ ಮೊದಲು ಅವನು ಊರಿನ ಕೊಳವನ್ನು ಹನ್ನೊಂದು ಸಲ ತುಳಿದಿದ್ದ. ಮೊದಲನೆಯ ಸಲ ಅವ್ವ ಮಾಂದಾಳ ಬೆನ್ನ ಮೇಲೆ ಕೂತು, ಆಮೇಲೆ ಸ್ವಂತ ಕಾಲಿನಿಂದ. ನಮ್ಮ ಕಡೆ ನೆಲದಡಿ ಎಲ್ಲಾ ಪೊಳ್ಳು ಕಲ್ಲು. ಬಿದ್ದ ಮಳೆ ಜರಡಿಯಲ್ಲಿ ಸುರಿದಂತೆ ಇಳಿದುಹೋಗುತ್ತದೆ. ಊರು ಬದುಕಿದ್ದು ಆ ಒಂದು ಕೊಳದಿಂದ. ಅದರ ತಳಕ್ಕೆ ಅಜ್ಜನ ಅಜ್ಜಂದಿರ ಕಾಲದಿಂದ ಜೇಡಿಮಣ್ಣು ಹಾಸಿ ತುಳಿದಿದ್ದರು. ಆಗಸ್ಟಿನಲ್ಲಿ, ದೇವಮಾತೆಯ ದೊಡ್ಡ ಹಬ್ಬವಾದ ಮಾರನೆಯ ದಿನ, ನೀರು ಬತ್ತಿ ಒಂದು ಮೂಲೆಗೆ ಸರಿದಾಗ, ಎರಡು ತಾಸು ದೂರದ ಗುಂಡಿಯಿಂದ ಹಳದಿ ಮಣ್ಣು ತರುತ್ತಿದ್ದರು. ಹರಡಿದ ಮಣ್ಣಿನ ಮೇಲೆ ಮೊದಲು ಎತ್ತು, ಆಮೇಲೆ ಕುರಿ, ಕೊನೆಗೆ ಇಡೀ ಊರು. ಒಬ್ಬರ ಕೈ ಒಬ್ಬರು ಹಿಡಿದು, ಸುತ್ತು ಕಟ್ಟಿ, ಮೂರು ದಿನ ಕುಣಿತ. ಸುತ್ತಿನ ಮುಂದಾಳು ಮಾಂದಾ. ಎರಡೇ ಕಟ್ಟಳೆ: ತಳಕ್ಕೆ ಕಬ್ಬಿಣ ತಾಗಬಾರದು, ಅದಕ್ಕೇ ಹೂಳನ್ನು ಮರದ ಸಲಿಕೆಯಲ್ಲೇ ಎತ್ತಬೇಕು; ಕೊಳಕ್ಕೆ ಇಳಿಯುವವರ ಕಾಲಲ್ಲಿ ಏನೂ ಇರಬಾರದು. ಒಮ್ಮೆ ಪಾದ್ರಿಯೇ ಬೂಟು ಹಾಕಿಕೊಂಡು ಇಳಿದಾಗ ಮಾಂದಾ ಅವನ ನಿಲುವಂಗಿ ಹಿಡಿದು ದಡಕ್ಕೆ ಎಳೆದಿದ್ದಳು.

ಇಪ್ಪತ್ತೆರಡು ವರ್ಷ ಕಳೆದ ಮೇಲೆ ತಾದಿಯಾ ಕಪ್ತಾನನಾಗಿ ಬಂದ. ಅಷ್ಟರೊಳಗೆ ಹಂಗೇರಿಯಲ್ಲಿ ಸೇತುವೆ ಕಟ್ಟಿದ್ದ, ಇಟಲಿಯಲ್ಲಿ ಸೇತುವೆ ಉರುಳಿಸಿದ್ದ, ಮೂರು ಕೋಟೆಗಳಿಗೆ ಮದ್ದಿನ ಮನೆ ಎಬ್ಬಿಸಿದ್ದ. ಈಗ ಬೆಟ್ಟ ಹತ್ತಿ ಸಮುದ್ರದ ಕಡೆಗೆ ಇಳಿಯುವ ದಂಡಿನ ರಸ್ತೆ ಹಾಕಬೇಕಿತ್ತು, ಅದು ದೋಲಾನೆಯ ನಡುವೆಯೇ ಹೋಗಬೇಕಿತ್ತು. ಕೆಲಸದವರು ಯಾರು? ಊರಿನವರೇ. ವರ್ಷಕ್ಕೆ ಇಷ್ಟು ದಿನ ಬಿಟ್ಟಿ ದುಡಿಯುವುದು ಗಡಿಯ ಕಾನೂನು. ಯಾರು ಯಾವ ದಿನ ಕಲ್ಲು ಒಡೆಯಬೇಕು ಎಂಬ ಪಟ್ಟಿ ಬರೆದವನು ತಾದಿಯಾ.

ಅವನು ಅಣ್ಣನ ಮನೆಯಲ್ಲಿ ಇಳಿದುಕೊಳ್ಳಲಿಲ್ಲ. ಅಧಿಕಾರಿಗಳ ಬಿಡಾರದಲ್ಲಿ ಉಳಿದ. ಅಲ್ಲಿ ಮೇಜಿಗೆ ಬಟ್ಟೆ ಹಾಸುತ್ತಿದ್ದರು, ಜರ್ಮನ್ ಮಾತಾಡುತ್ತಿದ್ದರು. ಅವನೊಬ್ಬನೇ ಗಡಿಯ ರೈತನ ಮಗ. ಉಳಿದವರು ಅದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಆದರೆ ಸೂಪಿನ ಚಮಚ ಹೇಗೆ ಹಿಡಿಯುತ್ತಾನೆ ಎಂದು ನೋಡುತ್ತಿದ್ದರು. ಆ ನೋಟಕ್ಕೆ ಅವನು ಇಪ್ಪತ್ತೆರಡು ವರ್ಷ ಹೆದರಿಕೊಂಡೇ ಬದುಕಿದ್ದ. ಫಿರಂಗಿಗೆ ಹೆದರದವನು ಚಮಚಕ್ಕೆ ಹೆದರುತ್ತಿದ್ದ.

ಭಾನುವಾರ ಮನೆಗೆ ಹೋದಾಗ ಯಾಂದ್ರೆ ಎದ್ದು ನಿಂತು ಟೋಪಿ ತೆಗೆದ. ಜೋಳದ ಮುದ್ದೆಯ ತಟ್ಟೆಯನ್ನು ತಮ್ಮನ ಮುಂದೆ ಇಟ್ಟು, ತಾನು ಕೂರದೆ ಗೋಡೆಗೆ ಒರಗಿದ.

"ಕೂತ್ಕೊಳ್ಳಿ ಕಪ್ತಾನರೇ. ನಮ್ಮನೇಲಿ ಕುರ್ಚಿ ಇಲ್ಲ, ಬೇಜಾರು ಮಾಡ್ಕೋಬೇಡಿ."

ಸ್ವಂತ ಅಣ್ಣ ಹೀಗೆ ಬಹುವಚನದಲ್ಲಿ ಕರೆದರೆ ಕೆನ್ನೆಗೆ ಹೊಡೆದ ಹಾಗೆ. ತಾದಿಯಾ ಎರಡು ತುತ್ತು ನುಂಗಿ ಎದ್ದುಬಿಟ್ಟ.

ಆಗಸ್ಟ್ ಬಂತು. ಮುನ್ನೂರು ಕುದುರೆ ಹಾದುಹೋಗುವ ರಸ್ತೆಗೆ ಊರಿನ ಕೊಳದಲ್ಲಿ ಸಾಕಷ್ಟು ನೀರಿಲ್ಲ, ಅದನ್ನು ಎರಡು ಮೊಳ ಆಳ ಮಾಡಿಸು ಎಂದು ಕರ್ನಲ್ ಹೇಳಿದ. ಸರಿಯಾದ ಎಂಜಿನಿಯರು ನೋಡದೆ ಅಗೆಯುವುದಿಲ್ಲ. ತಾದಿಯಾ ಹೆಬ್ಬೆರಳು ದಪ್ಪದ ಕಬ್ಬಿಣದ ಸರಳು ತರಿಸಿ, ಬತ್ತಿದ ಕೊಳದ ತಳದಲ್ಲಿ ನಾಲ್ಕು ಕಡೆ ಕೊರೆಸಿದ. ಹೌದು, ಕಬ್ಬಿಣವೇ. ಮೂರು ಕಡೆ ಗಟ್ಟಿ ಜೇಡಿ ಸಿಕ್ಕಿತು. ನಡುವಿನ ನಾಲ್ಕನೆಯ ತೂತಿನಲ್ಲಿ ಸರಳು ಎರಡು ಮೊಳ ಇಳಿಯುತ್ತಲೇ ಸಾರ್ಜೆಂಟಿನ ಕೈಯಿಂದ ಜಾರಿ ಪೂರ್ತಿ ಒಳಗೆ ಹೋಯಿತು. ಅದು ಎಲ್ಲೋ ಕೆಳಗೆ ಕಲ್ಲಿಗೆ ಬಡಿದ ಸದ್ದು ಬರಲು ಸ್ವಲ್ಪ ಹೊತ್ತೇ ಹಿಡಿಯಿತು.

ದಡದಲ್ಲಿ ಊರಿನ ಹೆಂಗಸರು ನಿಂತಿದ್ದರು. ಇನ್ನೊಂದು ದಡದಲ್ಲಿ ಕರ್ನಲ್, ಅವನ ಹೆಂಡತಿ, ನಾಲ್ಕು ಜನ ಅಧಿಕಾರಿಗಳು. ತಾದಿಯಾ ಕರ್ನಲ್‌ಗೆ ಜರ್ಮನ್‌ನಲ್ಲಿ ಸ್ಪಷ್ಟವಾಗಿ ಹೇಳಿದ: ಆಳ ಮಾಡುವ ಹಾಗಿಲ್ಲ, ತಳ ಪೊಳ್ಳು. ಕರ್ನಲ್ ಒಪ್ಪಿದ. ಇಲ್ಲಿಯ ತನಕ ತಾದಿಯಾ ಮಾಡಿದ್ದು ಸರಿ. ಅಗೆದಿದ್ದರೆ ಕೊಳ ಅವತ್ತೇ ಹೋಗುತ್ತಿತ್ತು. ಇದನ್ನು ಊರಿನಲ್ಲಿ ಯಾರೂ ಹೇಳುವುದಿಲ್ಲ, ಅದಕ್ಕೇ ಇಲ್ಲಿ ಹೇಳಿದ್ದು.

ಆದರೆ ತೂತುಗಳಿದ್ದವಲ್ಲ. ಮಾಂದಾ ದಡದಿಂದ ಇಳಿದು ಬಂದಳು. ಅರವತ್ತೇಳು ವರ್ಷದ ಹೆಂಗಸು, ಬರಿಗಾಲು. ಮಗನ ಎದುರಿಗೆ ನಿಂತು ಅವನ ಬೂಟುಗಳನ್ನು ನೋಡಿದಳು.

"ಬೂಟು ಬಿಚ್ಚು," ಎಂದು ಕೈ ಚಾಚಿದಳು. "ಜೇಡಿ ತುಂಬಿ ತುಳಿಯೋಣ. ನೀನು ಚುಚ್ಚಿದ್ದನ್ನ ನೀನೇ ತುಳೀಬೇಕು. ಮೂರು ದಿನ ಊರನ್ನ ಬಿಡು, ಮುಗಿಸಿಬಿಡ್ತೀವಿ."

"ಅವ್ವ, ಪಟ್ಟಿ ಆಗಿಹೋಗಿದೆ. ಈ ವಾರ ಎಲ್ಲರೂ ಘಟ್ಟದ ಮೇಲೆ ಇರಬೇಕು."

"ಪಟ್ಟಿ ಬರೆದೋನು ನೀನೇ ಅಲ್ವೇನೋ?"

ಆಚೆ ದಡದಲ್ಲಿ ಕರ್ನಲನ ಹೆಂಡತಿ ಏನೋ ಹೇಳಿದಳು, ಅಧಿಕಾರಿಗಳು ನಕ್ಕರು. ಆ ನಗುವಿಗೂ ಅವನಿಗೂ ಏನೂ ಸಂಬಂಧವಿರಲಿಲ್ಲವೇನೋ. ಕೆಸರಿನಲ್ಲಿ ಬರಿಗಾಲಿನ ಮುದುಕಿಯರ ಕೈ ಹಿಡಿದು ಕುಣಿಯುವ ಕಪ್ತಾನನ ಚಿತ್ರ ತಾದಿಯಾನ ಕಣ್ಣ ಮುಂದೆ ಬಂತು. ಸಂಜೆ ಬಿಳಿ ಬಟ್ಟೆಯ ಮೇಜಿನ ಸುತ್ತ ಆ ಕಥೆ ನಡೆಯುವುದೂ ಕೇಳಿಸಿತು. ಅವನ ಕಿವಿ ಕೆಂಪಾಯಿತು. ಸಾರ್ಜೆಂಟಿನ ಕಡೆ ತಿರುಗಿ, ಕರಾವಳಿಯಿಂದ ತರಿಸಿದ ಹೊಸ ಗಾರೆ ಕಲಸಿ ನಾಲ್ಕೂ ತೂತಿಗೆ ಜಡಿಯಿರಿ ಎಂದ. ಅದು ನೀರಿನಲ್ಲೂ ಕಲ್ಲಾಗುವ ಗಾರೆ. ವೆನಿಸ್‌ನಲ್ಲಿ ಅದರಿಂದಲೇ ಹಡಗುಕಟ್ಟೆ ಕಟ್ಟಿದ್ದರು.

ಗಾರೆ ಕಲ್ಲಾಯಿತು, ಅದರ ಮೇಲೆ ದೂರಿಲ್ಲ. ಆದರೆ ಜೇಡಿ ಬದುಕಿರುವ ಪದಾರ್ಥ. ಒಣಗಿದರೆ ಕುಗ್ಗುತ್ತದೆ, ನೆನೆದರೆ ಹಿಗ್ಗುತ್ತದೆ. ಅದು ಕುಗ್ಗಿದಾಗ ಗಾರೆ ಕುಗ್ಗಲಿಲ್ಲ, ನಡುವೆ ಕೂದಲೆಳೆಯಷ್ಟು ಸಂದು ಬಿತ್ತು. ದೋಲಾನೆಯ ಕೂಸಿಗೂ ಗೊತ್ತಿರುವ ವಿಷಯ ಇದು. ತಾದಿಯಾಗೆ ಗೊತ್ತಿರಲಿಲ್ಲ ಎಂದರೆ ನಂಬಬೇಡಿ.

ಆ ವರ್ಷ ತುಳಿತ ನಡೆಯಲಿಲ್ಲ. ಊರೆಲ್ಲ ಘಟ್ಟದ ಮೇಲೆ ಕಲ್ಲು ಒಡೆಯುತ್ತಿತ್ತು. ಅಕ್ಟೋಬರಿನ ಮಳೆಗೆ ಕೊಳ ತುಂಬಿ ಜನ ನೆಮ್ಮದಿಯ ಉಸಿರು ಬಿಟ್ಟರು. ನವೆಂಬರಿನಲ್ಲಿ, ಸಂತ ಮಾರ್ಟಿನನ ಹಬ್ಬದ ಬೆಳಿಗ್ಗೆ, ಪಕ್ಕದ ಮನೆಯ ಯೇಕಾ ನೀರಿಗೆ ಹೋದವಳು ಕೊಳದ ನಡುವೆ ನೀರು ಗಿರ್ರನೆ ಸುತ್ತುವುದನ್ನು ಕಂಡಳು. ಬೀಸುವ ಕಲ್ಲಿನ ಬಾಯಿಗೆ ಕಾಳು ಇಳಿಯುವ ಹಾಗೆ ಇಳಿಯುತ್ತಿತ್ತು. ಕೂಗಿಗೆ ಊರೇ ಓಡಿಬಂತು. ಜೇಡಿ ಸುರಿದರು, ಹುಲ್ಲು ತುರುಕಿದರು, ಕುರಿತುಪ್ಪಳ ಎಸೆದರು, ಯಾರೋ ಮನೆಯ ಹಾಸಿಗೆಯನ್ನೇ ತಂದು ಹಾಕಿದರು. ಬಿಲ ಎಲ್ಲವನ್ನೂ ನುಂಗಿ ದೊಡ್ಡದಾಯಿತು. ಮಧ್ಯಾಹ್ನದ ಗಂಟೆ ಹೊಡೆಯುವ ಹೊತ್ತಿಗೆ ಮಿಕ್ಕಿದ್ದು ಕೆಸರು, ಕಪ್ಪೆ, ಮತ್ತು ಕುದುರೆ ಹಿಡಿಸುವಷ್ಟು ಅಗಲದ ಕಪ್ಪು ಗುಂಡಿ.

ಘಟ್ಟದಿಂದ ಓಡಿಬಂದ ತಾದಿಯಾ ನಿಲ್ಲದೆ ಒಳಕ್ಕೆ ನುಗ್ಗಿದ. ಮೊಣಕಾಲ ತನಕ ಹೂತುಕೊಂಡು ಗುಂಡಿಯ ಅಂಚಿನಲ್ಲಿ ನಿಂತ. ಯಾಂದ್ರೆ ದಡದಿಂದ ಅವನ ಕಾಲನ್ನೇ ನೋಡುತ್ತ, ಊರಿಗೆಲ್ಲ ಕೇಳುವ ಹಾಗೆ ಹೇಳಿದ:

"ಈಗಲೂ ಬಿಚ್ಚಲಿಲ್ವಲ್ಲ ಕಪ್ತಾನರೇ."

ಚಳಿಗಾಲ ಮುಗಿಯುವುದರೊಳಗೆ ತಾದಿಯಾ ರಸ್ತೆಯ ಪಕ್ಕದಲ್ಲಿ ಕಲ್ಲಿನ ತೊಟ್ಟಿ ಕಟ್ಟಿಸಿದ. ಮಳೆನೀರು ಹಿಡಿಯುವ ದೊಡ್ಡ, ಚೊಕ್ಕ ತೊಟ್ಟಿ. ಹಾಗೆ ಕಟ್ಟುವವರು ಆಗ ಕಡಿಮೆ. ದಂಡಿನ ಕುದುರೆಗಳಿಗೆ ಮೊದಲು, ಮಿಕ್ಕಿದ್ದು ಊರಿಗೆ. ಜನ ಹಿಡಿಶಾಪ ಹಾಕುತ್ತ ಅದರ ನೀರು ಕುಡಿದರು. ಮಾಂದಾ ಮಾತ್ರ ಕುಡಿಯಲಿಲ್ಲ. ಬೆನ್ನಿಗೆ ಮರದ ಪೀಪಾಯಿ ಕಟ್ಟಿಕೊಂಡು ಮೂರು ತಾಸು ದೂರದ ಒರತೆಗೆ ಹೋಗುತ್ತಿದ್ದಳು. ಸೊಸೆಯಂದಿರು ಬೇಡವೆಂದರೆ ಕ್ಯಾರೇ ಅನ್ನುತ್ತಿರಲಿಲ್ಲ. ಮೂರನೆಯ ಚಳಿಗಾಲದಲ್ಲಿ, ಬುರಾ ಎಂಬ ಬೆಟ್ಟದ ಕೊರೆಯುವ ಗಾಳಿ ಬೀಸುವಾಗ, ದಾರಿಯ ಬಂಡೆಗೆ ಒರಗಿ ಕೂತವಳು ಏಳಲಿಲ್ಲ. ಬೆನ್ನ ಮೇಲಿನ ಪೀಪಾಯಿಯಲ್ಲಿ ನೀರು ಹೆಪ್ಪುಗಟ್ಟಿತ್ತು. ಆಗ ತಾದಿಯಾ ಟ್ರಾನ್ಸಿಲ್ವೇನಿಯಾದಲ್ಲಿ ಕೋಟೆ ಕಟ್ಟಿಸುತ್ತಿದ್ದ. ಅಣ್ಣನ ಕಾಗದ ನಲವತ್ತು ದಿನ ಕಳೆದು ಸೇರಿತು. ಅದರಲ್ಲಿದ್ದದ್ದು ಒಂದೇ ಸಾಲು: ಅವ್ವ ನೀರಿಗೆ ಹೋಗಿ ಸತ್ತಳು.

ಅಲ್ಲಿಂದ ಮುಂದಿನ ಹದಿನೆಂಟು ವರ್ಷ ಅವನು ಕಟ್ಟಿದ್ದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಪದಕ ಬಂತು, ಮೇಜರ್ ಪದವಿ ಬರಲಿಲ್ಲ. ಮದುವೆಯಾಗಲಿಲ್ಲ. ಚಮಚ ಹಿಡಿಯುವುದನ್ನು ನೋಡುವವರು ಕೊನೆಯ ತನಕ ನೋಡುತ್ತಲೇ ಇದ್ದರು. ಗಡಿಯ ದಂಡಿನ ಆಡಳಿತ ರದ್ದಾಗಿ ಎರಡು ವರ್ಷಕ್ಕೆ, ಐವತ್ತೈದರ ವಯಸ್ಸಿನಲ್ಲಿ ನಿವೃತ್ತನಾಗಿ ಅವನು ಬಂದದ್ದು ದೋಲಾನೆಗೆ. ಇಲ್ಲಿ ಅವನ ದಾರಿ ಕಾಯುತ್ತ ಯಾರು ಕೂತಿದ್ದರು? ರಸ್ತೆ ರಿಪೇರಿಯವನ ಹಾಳುಬಿದ್ದ ಗುಡಿಸಲಿನಲ್ಲಿ ಸಾಮಾನು ಇಳಿಸಿದ. ಯಾರೂ ಬಾ ಎನ್ನಲಿಲ್ಲ, ಬೆಂಕಿ ಕೊಡಲಿಲ್ಲ, ದಾರಿಯಲ್ಲಿ ಸಿಕ್ಕಿದರೆ ಮುಖ ತಿರುಗಿಸಿದರು.

ಕೊಳ ಹೇಗಿತ್ತೋ ಹಾಗೇ ಇತ್ತು. ಗುಂಡಿಯ ಬಾಯಲ್ಲಿ ಮುಳ್ಳು ಬೆಳೆದಿತ್ತು. ಇಪ್ಪತ್ತು ವರ್ಷ ಊರು ಅದಕ್ಕೆ ಒಂದು ಹಿಡಿ ಮಣ್ಣು ಹಾಕಿರಲಿಲ್ಲ. ತಾದಿಯಾನನ್ನು ದ್ವೇಷಿಸುವುದು ಹಿತವಾಗಿತ್ತು. ಎರಡು ತಾಸು ನಡೆದು ಜೇಡಿ ಹೊರುವುದು ಹಿತವಾಗಿರಲಿಲ್ಲ. ಇದನ್ನು ಮುಖಕ್ಕೆ ಹೇಳಿದರೆ ಜನ ಈಗಲೂ ಸಿಡಿದು ಬೀಳುತ್ತಾರೆ.

ಮೊದಲ ವರ್ಷ ಅವನು ಗುಂಡಿ ಮುಚ್ಚಿದ. ಕೆಳಗೆ ಬಂಡೆ, ಮೇಲೆ ಸಣ್ಣ ಕಲ್ಲು, ಅದರ ಮೇಲೆ ಹುಲ್ಲುಬೇರಿನ ಹೆಂಟೆ. ಆಮೇಲೆ ಬೆನ್ನಿಗೆ ಪೀಪಾಯಿ ಕಟ್ಟಿಕೊಂಡು ಜೇಡಿ ಹೊರಲು ಶುರುಮಾಡಿದ. ನಮ್ಮ ಸೀಮೆಯಲ್ಲಿ ಬೆನ್ನ ಮೇಲೆ ಹೊರೆ ಹೊರುವವಳು ಹೆಣ್ಣು; ಗಂಡಸು ಖಾಲಿ ಕೈಯಲ್ಲಿ ಮುಂದೆ ನಡೆಯುತ್ತಾನೆ. ಪದಕದ ಕಪ್ತಾನ ಹೆಂಗಸಿನ ಹಾಗೆ ಬಾಗಿ ಬರುವುದನ್ನು ನೋಡಲು ಗಂಡಸರು ಹೆಂಡದಂಗಡಿಯಿಂದ ಹೊರಗೆ ಬರುತ್ತಿದ್ದರು.

"ಊರಿಗೆ ಒಳ್ಳೆ ಸೊಸೆ ಸಿಕ್ಕಿದ್ಲು," ಎಂದು ಯೇಕಾ ಬಾಗಿಲಲ್ಲಿ ಕೂತು ಹೇಳುತ್ತಿದ್ದಳು. "ಮೀಸೆ ಒಂದು ಬೋಳಿಸಿದ್ರೆ ಗಂಡು ಹುಡುಕಬಹುದು."

ತಾದಿಯಾ ನಿಲ್ಲದೆ ನಡೆಯುತ್ತಿದ್ದ. ದಿನಕ್ಕೆ ಎರಡು ಹೊರೆ. ಸುರಿದ ಜೇಡಿಯನ್ನು ಬೂಟು ಬಿಚ್ಚಿಟ್ಟು, ಒಬ್ಬನೇ, ಸುತ್ತು ಹಾಕುತ್ತ ತುಳಿಯುತ್ತಿದ್ದ. ಹಿಡಿಯಲು ಕೈಯಿಲ್ಲದೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿದ್ದ. ಮಳೆಗೆ ನೀರು ನಿಲ್ಲುತ್ತಿತ್ತು, ಕ್ರಿಸ್ಮಸ್ ಹೊತ್ತಿಗೆ ಇಂಗಿಹೋಗುತ್ತಿತ್ತು. ಮತ್ತೆ ಆಗಸ್ಟ್, ಮತ್ತೆ ಹೊರೆ. ಹೀಗೆ ಆರು ವರ್ಷ. ಜೇಡಿ ಸಾಕಷ್ಟಿತ್ತು. ಸಾಲದೆ ಇದ್ದದ್ದು ಕಾಲು. ನೂರು ಜನ, ನಲವತ್ತು ಎತ್ತು, ಐನೂರು ಕುರಿ ತುಳಿಯಬೇಕಾದ ತಳ ಅದು. ಒಬ್ಬ ಮುದುಕನ ಎರಡು ಪಾದಕ್ಕೆ ಅದು ಸೊಪ್ಪು ಹಾಕುವುದಿಲ್ಲ. ಈ ಲೆಕ್ಕ ಅವನಿಗೆ ಮೊದಲ ದಿನವೇ ಗೊತ್ತಿತ್ತು. ಆದರೂ ಕೇಳಲು ಬಾಯಿ ಬರಲಿಲ್ಲ.

ಏಳನೆಯ ಆಗಸ್ಟಿನಲ್ಲಿ ಅವನಿಗೆ ಕೆಮ್ಮಿನ ಜೊತೆ ರಕ್ತ ಬರತೊಡಗಿತು. ಅದೇ ಬೇಸಗೆಯಲ್ಲಿ ತೊಟ್ಟಿಯೂ ಬಿರುಕು ಬಿಟ್ಟಿತ್ತು. ದಂಡು ಹೋದ ಮೇಲೆ ಅದಕ್ಕೆ ಗಾರೆ ಬಳಿಯುವವರಿರಲಿಲ್ಲ. ಹೆಂಗಸರು ಮತ್ತೆ ಒರತೆಯ ದಾರಿ ಹಿಡಿದಿದ್ದರು. ಯಾಂದ್ರೆಯ ಮೊಮ್ಮಗಳೂ ಪೀಪಾಯಿ ಹೊತ್ತು ಹೋಗುವುದನ್ನು ನೋಡಿದ ದಿನ ತಾದಿಯಾ ಅಣ್ಣನ ಮನೆಗೆ ಹೋದ. ನಿವೃತ್ತನಾಗಿ ಊರಿಗೆ ಬಂದ ಮೇಲೆ ಆ ಹೊಸ್ತಿಲಿಗೆ ಬಂದದ್ದು ಅದೇ ಮೊದಲು. ಒಳಗೆ ಕಾಲಿಡದೆ ಹೊರಗೇ ನಿಂತ. ಅರವತ್ತೆಂಟರ ಯಾಂದ್ರೆ ಮರದ ಸಲಿಕೆ ಕೆತ್ತುತ್ತಿದ್ದವನು ತಲೆ ಎತ್ತಲಿಲ್ಲ.

"ತಳ ಪೂರ್ತಿ ಹಾಸಿದ್ದೀನಿ ಅಣ್ಣ. ತುಳಿದ್ರೆ ನಿಲ್ಲುತ್ತೆ. ಎತ್ತು ಬೇಕು. ಜನ ಬೇಕು."

ಯಾಂದ್ರೆ ಇನ್ನೂ ನಾಲ್ಕು ಏಟು ಕೆತ್ತಿದ.

"ಎತ್ತು ಬರುತ್ವೆ. ನಾನು ಹೇಳಿದ್ರೆ ಊರೂ ಬರುತ್ತೆ," ಅಂದ. "ನೀವು ಇಳಿಯೋ ಹಾಗಿಲ್ಲ."

"ಆರು ವರ್ಷದಿಂದ ತುಳಿತಿದ್ದೀನಿ."

"ಅವತ್ತು ತುಳೀಬೇಕಿತ್ತು. ಅವ್ವ ಕೈ ಚಾಚ್ಕೊಂಡು ನಿಂತಿದ್ಲಲ್ಲ, ಅವತ್ತು." ಸಲಿಕೆಯನ್ನು ಕೆಳಗಿಟ್ಟ. "ಬೂಟು ಹಾಕ್ಕೊಂಡು ದಡದ ಮೇಲೆ ಕೂತ್ಕೊಳ್ಳಿ. ಮೂರು ದಿನವೂ. ಊರೆಲ್ಲ ನೋಡಬೇಕು. ಒಪ್ಪಿಗೆ ಇದ್ರೆ ಹೇಳಿ, ಇಲ್ದಿದ್ರೆ ನಿಮ್ಮ ಜೇಡಿ ನಿಮ್ಮ ಹತ್ರಾನೇ ಇರಲಿ."

ತಾದಿಯಾ ಒಪ್ಪಿದ. ಆ ಮಾತು ಅವನ ಎದೆಯಲ್ಲಿ ಎಲ್ಲಿ ನಾಟಿತು ಎಂಬುದನ್ನು ಬರೆಯುವ ಅಗತ್ಯವಿಲ್ಲ. ಅವನಿಗೆ ಕೊಳ ಬೇಕಿತ್ತು.

ಹಬ್ಬದ ಮಾರನೆಯ ದಿನ ಊರು ಇಳಿಯಿತು. ಇಪ್ಪತ್ತೇಳು ವರ್ಷವಾದ ಮೇಲೆ. ಮೊದಲು ಎತ್ತು, ಆಮೇಲೆ ಕುರಿ, ಆಮೇಲೆ ಜನ. ಮುಂದಾಳು ಯೇಕಾ, ಎಪ್ಪತ್ತು ದಾಟಿದವಳು, ಬಾಯಿ ಮಾತ್ರ ಹದಿನೆಂಟರದ್ದು. ಮಕ್ಕಳಿಗೆ ಹೆಜ್ಜೆ ಗೊತ್ತಿರಲಿಲ್ಲ, ಮುದುಕಿಯರು ಬೈದು ಕಲಿಸಿದರು. ತಾದಿಯಾ ದಡದ ಕಲ್ಲಿನ ಮೇಲೆ ಕೂತಿದ್ದ. ಹಳೆಯ ದಂಡಿನ ಬೂಟು, ಮೊಣಕಾಲ ತನಕ. ಪಕ್ಕದಲ್ಲಿ ಹಾದುಹೋಗುವವರು ಆ ಬೂಟು ನೋಡಿ ಕೆಸರು ಕಾಲನ್ನು ಅದರ ಎದುರಿಗೇ ಝಾಡಿಸುತ್ತಿದ್ದರು. ಊಟದ ಹೊತ್ತಿಗೆ ರೊಟ್ಟಿ, ಗಿಣ್ಣು, ಪ್ಲಮ್ ಹೆಂಡ ಎಲ್ಲರ ಕೈಗೂ ಬಂತು, ಅವನ ಕೈಗೆ ಬರಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಸುತ್ತು ಬಿರುಸಾಯಿತು. ಅವನ ಬೂಟಿನ ತುದಿ ಕುಣಿತದ ಹೆಜ್ಜೆಗೆ ಸರಿಯಾಗಿ ಅಲ್ಲಾಡುತ್ತಿರುವುದನ್ನು ಯಾಂದ್ರೆ ಕೊಳದೊಳಗಿನಿಂದ ನೋಡಿದ. ನೋಡಿಯೂ ಕರೆಯಲಿಲ್ಲ.

ಕೊಳ ನಿಂತಿತು. ಕ್ರಿಸ್ಮಸ್ ದಾಟಿತು, ಹಿಮ ಕರಗಿತು, ಈಸ್ಟರ್‌ಗೂ ನೀರಿತ್ತು. ತಾದಿಯಾ ದಿನಾ ಬಂದು ಗೆರೆ ಕೊರೆದ ಕೋಲಿನಿಂದ ಅಳೆದು, ಅದನ್ನು ದಡದಲ್ಲಿ ನೆಟ್ಟು ಹೋಗುತ್ತಿದ್ದ. ಒಂದು ಬೊಗಸೆ ಕುಡಿಯಲಿಲ್ಲ. ಯಾರೂ ಕುಡಿ ಎನ್ನಲಿಲ್ಲ. ಬಿರುಕು ಬಿಟ್ಟ ತನ್ನ ತೊಟ್ಟಿಯ ತಳದಲ್ಲಿ ಉಳಿದ ನೀರನ್ನೇ ಸೋಸಿ ಕುಡಿಯುತ್ತಿದ್ದ. ಮೇ ತಿಂಗಳ ಮೊದಲ ವಾರ ಕೋಲು ದಡದಲ್ಲಿ ನೆಟ್ಟಹಾಗೇ ಇತ್ತು, ಅವನು ಬರಲಿಲ್ಲ. ಯಾಂದ್ರೆ ಹೋಗಿ ಗುಡಿಸಲಿನ ಬಾಗಿಲು ತೆಗೆದಾಗ ಎಲ್ಲ ಮುಗಿದಿತ್ತು.

ಹೆಣ ತೊಳೆಯಲು ನೀರು ಬೇಕಾಯಿತು. ಯಾಂದ್ರೆ ಯಾರಿಗೂ ಹೇಳದೆ ತಾನೇ ಪೀಪಾಯಿ ಬೆನ್ನಿಗೆ ಕಟ್ಟಿಕೊಂಡ, ಹೆಂಗಸಿನ ಹಾಗೆ. ಕೊಳಕ್ಕೆ ಹೋಗಿ ತುಂಬಿಸಿಕೊಂಡು ಊರ ನಡುವಿನಿಂದಲೇ ಬಂದ. ಹೆಂಡದಂಗಡಿಯ ಮುಂದೆ ಒಬ್ಬರೂ ನಗಲಿಲ್ಲ. ಯೇಕಾ ಮತ್ತು ಇನ್ನೊಬ್ಬಳು ಹೆಣಕ್ಕೆ ಕಪ್ತಾನನ ಉಡುಪು ತೊಡಿಸಿ, ಪದಕ ಸಿಕ್ಕಿಸಿ, ಒರೆಸಿದ ಬೂಟು ಎತ್ತಿಕೊಂಡರು. ದಂಡಿನವನನ್ನು ಬೂಟಿನಲ್ಲೇ ಕಳಿಸುವುದು ರೂಢಿ.

ಯಾಂದ್ರೆ ಅವರ ಕೈಯಿಂದ ಬೂಟು ಕಿತ್ತುಕೊಂಡ. ಬಾಗಿಲ ಆಚೆಗೆ, ರಸ್ತೆಯ ಮೇಲೆ ಎಸೆದ. ಆಮೇಲೆ ನೆಲಕ್ಕೆ ಕೂತು ತಮ್ಮನ ಪಾದಗಳನ್ನು ಮಡಿಲಿಗೆ ಎಳೆದುಕೊಂಡು ನೋಡಿದ. ಉಗುರಿನ ಸಂದುಗಳಲ್ಲಿ, ಹಿಮ್ಮಡಿಯ ಬಿರುಕುಗಳಲ್ಲಿ ಹಳದಿ ಜೇಡಿ ಕೂತಿತ್ತು. ಎಷ್ಟು ತೊಳೆದರೂ ಅದು ಹೋಗಿರಲಿಲ್ಲ.

"ಹೀಗೇ ಹೋಗೋ," ಅಂದ. "ಇಲ್ದಿದ್ರೆ ಅವ್ವ ಬೈತಾಳೆ."

ಯೇಕಾ ತೊಳೆಯುವ ಬಟ್ಟೆಯನ್ನು ಮತ್ತೆ ನೀರಿಗೆ ಅದ್ದಲು ಹೋದಳು. ಯಾಂದ್ರೆ ಕೈ ಅಡ್ಡ ಹಿಡಿದು ತಡೆದ.